ಗಾಲಿ ಕತ್ತರಿಯ ಸೊಟ್ಟ ಗೆರೆ

ನೇರ ಗೆರೆ ನನ್ನ ಕೈಗೆ ಒಲಿದದ್ದೇ ಇಲ್ಲ. ಎಂ.ಎ.ಗೆ ಭೂಗೋಳ ಓದಿ, ಅಕ್ಷಾಂಶ ರೇಖಾಂಶಗಳ ನಡುವೆ ಯೌವನ ಕಳೆದವಳು ನಾನು. ಆದರೂ ಬಟ್ಟೆ ಹಿಡಿದು ಕೂತರೆ, ಮುಂಬಯಿಯ ಲೋಕಲ್ ರೈಲು ದಾರಿ ತಪ್ಪಿದಂತೆ, ಕಸಾರಾ ಕಡೆಗೆ ಹೊರಟ ಕತ್ತರಿ ಕಲ್ಯಾಣ ದಾಟಿದ್ದೇ ತಡ, ಅಂಬರನಾಥದ ಹಳಿ ಹಿಡಿದುಬಿಡುತ್ತದೆ.

ಇಂಥವಳಿಗೆ ಸೋದರತ್ತೆಯಾಗುವ ಯೋಗ ಬಂತು. ಕಾಮೋಠೆಯಲ್ಲಿರುವ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನಮ್ಮಲ್ಲಿ ಸೋದರತ್ತೆಯದು. ಆ ಹಕ್ಕಿನ ಉಮೇದಿಯಲ್ಲಿ, ತೊಟ್ಟಿಲಿಗೆ ನಾನೇ ಕೌದಿ ಹೊಲಿದು ತರುತ್ತೇನೆ ಎಂದು ಫೋನಿನಲ್ಲಿ ಘೋಷಿಸಿದೆ. ಘೋಷಿಸಿದವಳು ಅವ್ವ, ನೀನು ಬರೀ ಬೇಡವೆನ್ನಲಿಲ್ಲ ಎಂದು ತಮ್ಮ ಹೇಳುತ್ತಾನೆ. ಇರಬಹುದು.

ಧಾರವಾಡದಿಂದ ಬಂದು ಆಗ ಡೊಂಬಿವಲಿಯಲ್ಲಿ ನನ್ನ ಜೊತೆಗಿದ್ದ ಅವ್ವ ಕೌದಿಗೆಂದು ತನ್ನ ಇಳಕಲ್ ಸೀರೆ ತೆಗೆದಳು. ಕಡುಹಸಿರು ಒಡಲು, ಕೆಂಪು ಸೆರಗು.

"ಇದೊಂದ ಉಳದದ ನೋಡು. ಬಾಕೀವೆಲ್ಲಾ ಹಳೇ ಬಟ್ಟಿ ಒಯ್ಯೋ ಬೋಹಾರನಿಗೆ ಹಾಕಿ ಸ್ಟೀಲಿನ ಡಬ್ಬಿ ಆಗಿ ಹೋದೂವು."

"ನನ್ನ ಸಾಲಿ ಗ್ಯಾದರಿಂಗಿಗೆ ಇದನ್ನ ಉಟಗೊಂಡು ಬಂದಿದ್ದೆಲ್ಲಾ?" ಎಂದೆ, ಭಾವುಕಳಾಗಿ.

"ನಿನ್ನ ತಲಿ. ಅವಾಗ ಇದು ಮಗ್ಗದಾಗೂ ಇರಲಿಲ್ಲ."

ಆ ಗ್ಯಾದರಿಂಗಿನಲ್ಲಿ ಹಸಿರು ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತ ಅವ್ವ ನನಗೆ ಈಗಲೂ ಕಾಣುತ್ತಾಳೆ. ಇಲ್ಲದ ಸೀರೆಯನ್ನು ಇಷ್ಟು ಸ್ಪಷ್ಟವಾಗಿ ನೆಯ್ದುಕೊಡುವ ನೆನಪನ್ನು ನಂಬುವುದು ಹೇಗೆ? ನನ್ನ ಕೈಯಂತೂ ನಂಬಿಕೆಗೆ ಮೊದಲೇ ಅರ್ಹವಲ್ಲ. ತಪ್ಪಿ ಕತ್ತರಿಸಿದರೆ ಇನ್ನೊಂದು ಸೀರೆ ಇಲ್ಲ. ಆದ್ದರಿಂದ ಒಳ್ಳೆಯ ಸಲಕರಣೆಗಳ ಮೊರೆ ಹೋದೆ. ಓದಿದವರು ಧೈರ್ಯ ಸಾಲದಾದಾಗ ಮಾಡುವುದು ಇದನ್ನೇ.

ಇಂಟರ್ನೆಟ್ಟಿನಲ್ಲಿ ನೋಡಿದರೆ ಪರದೇಶದ ಹೆಂಗಸರೆಲ್ಲ ಕತ್ತರಿಯನ್ನೇ ಮರೆತಿದ್ದರು. ಹಿಡಿಯ ತುದಿಗೆ ಉರುಟು ಅಲಗು ಕೂರಿಸಿದ ರೋಟರಿ ಕಟರ್, ಬಟ್ಟೆಯ ಕೆಳಗೆ ಚೌಕುಳಿ ಗೆರೆಗಳ ಹಸಿರು ಮ್ಯಾಟು, ಉರುಳಿಸಿದರೆ ಮುಗಿಯಿತು. ಉಲ್ಹಾಸನಗರದಲ್ಲಿ ಸಿಗದ ವಸ್ತುವಿಲ್ಲವೆಂಬ ಮಾತು ನಂಬಿ ಅಲ್ಲಿಗೆ ಹೋದೆ. ಅಂಗಡಿಯಾತ ನನ್ನ ಕೈಸನ್ನೆಯನ್ನೆಲ್ಲ ಶಾಂತವಾಗಿ ನೋಡಿ, ಪಿಜ್ಜಾ ಕಟರ್ ತಂದಿಟ್ಟ. "ಕಪಡಾ ಕಾಟನಾ ಹೈ, ಭಾಯಿಸಾಬ್" ಎಂದೆ. "ತೋ ಕಾಟೋ ನಾ, ಮೇಡಮ್. ಪಿಜ್ಜಾ ಕೋ ಕ್ಯಾ ಪತಾ?" ಎಂದ.

ಕೊನೆಗೆ ಎರಡೂ ಸಿಕ್ಕಿದ್ದು ಠಾಣೆಯಲ್ಲಿ, ಆರ್ಕಿಟೆಕ್ಚರ್ ಓದುವ ಹುಡುಗರು ರಟ್ಟು ಕೊಳ್ಳುವ ಅಂಗಡಿಯಲ್ಲಿ. ಅಲ್ಲಿ ಹೊಸ ಸಂಕಟ ಶುರುವಾಯಿತು. ಇಪ್ಪತ್ತೆಂಟು ಮಿಲಿಮೀಟರಿನ ಅಲಗು ತಿರುವುಗಳಿಗೆ ಸರಿ. ನನ್ನ ಕೈಗೆ ತಿರುವು ಕಲಿಸುವ ಅಗತ್ಯವಿಲ್ಲ. ಅರವತ್ತರದು ಪದರ ಪದರ ಬಟ್ಟೆ ಸೀಳುವ ಶೂರ. ನಲವತ್ತೈದು ಮಧ್ಯಮ ವರ್ಗದ್ದು, ನಮ್ಮಂಥದ್ದು. ಅದನ್ನೇ ಆರಿಸಿದೆ. ಬೀಗದಂತೆ ಅಲಗು ಮುಚ್ಚುವ ಗುಂಡಿಯಿದೆಯೇ ಎಂದು ಎರಡೆರಡು ಸಲ ನೋಡಿದೆ. ಮ್ಯಾಟಿನಲ್ಲಿ ಮಾತ್ರ ದೊಡ್ಡದಕ್ಕೇ ಆಸೆಪಟ್ಟೆ. ಸಣ್ಣದಾದರೆ ಬಟ್ಟೆಯನ್ನು ಮತ್ತೆ ಮತ್ತೆ ಸರಿಸಬೇಕು. ಸರಿಸಿದಾಗಲೆಲ್ಲ ಅಳತೆ ಜಾರುತ್ತದೆ. ಈ ಮ್ಯಾಟು ತನ್ನ ಮೇಲೆ ಬಿದ್ದ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದಂತೆ. ಗಾಯವಾದದ್ದಕ್ಕೆ ಗುರುತೂ ಉಳಿಯುವುದಿಲ್ಲವಂತೆ. ಆಗದ ಘಟನೆಗಳ ಗುರುತನ್ನೂ ಜೋಪಾನ ಮಾಡುವ ನನ್ನ ತಲೆಗೆ ಅದರ ಮೇಲೆ ಗೌರವ ಮೂಡಿತು.

ಮ್ಯಾಟನ್ನು ಸುರುಳಿ ಸುತ್ತಬಾರದು ಎಂದಿದ್ದ ಅಂಗಡಿಯವನು. ಹಾಗಾಗಿ ಸಂಜೆಯ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಅದನ್ನು ಬಾಗಿಲಿನ ಹಾಗೆ ಎದೆಗವಚಿ ನಿಂತೆ. ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಕೂತಿದ್ದ ನಮ್ಮ ಬಿಲ್ಡಿಂಗಿನ ಮೃಣಾಲ್ ವಹಿನಿ ಕೈ ಚಾಚಿದಳು. "ಅಗ, ಇಕಡೆ ದೇ ತೇ!" ಕ್ಷಣಾರ್ಧದಲ್ಲಿ ನನ್ನ ಮ್ಯಾಟು ಆಕೆಯ ಮತ್ತು ಪಕ್ಕದವರ ತೊಡೆಗಳ ಮೇಲೆ ಮೇಜಾಯಿತು, ಮೇಜಿನ ಮೇಲೆ ಮೆಂತ್ಯೆ ಸೊಪ್ಪಿನ ಕಟ್ಟು ಬಿಚ್ಚಿತು. ಡೊಂಬಿವಲಿ ಬರುವಷ್ಟರಲ್ಲಿ ಅಲ್ಲಿ ಸೊಪ್ಪು ಬಿಡಿಸಿ, ಬಟಾಣಿ ಸುಲಿದು, ಒಬ್ಬಾಕೆಯ ನಾದಿನಿಯ ಗುಣಾವಗುಣಗಳನ್ನೂ ಬೇರ್ಪಡಿಸಿ ಆಗಿತ್ತು.

ಮನೆಯಲ್ಲಿ ಅವ್ವ ಕಟರನ್ನು ತಿರುಗಿಸಿ ನೋಡಿದಳು. "ಕರ್ಚಿಕಾಯಿ ಅಂಚು ಕತ್ತರಸೂ ಗಾಲಿ ಇದ್ದಂಗ ಅದ. ಹಲ್ಲಿಲ್ಲ ಅಷ್ಟ." ಮ್ಯಾಟಿನ ಚೌಕಗಳನ್ನು ಬೆರಳಿಟ್ಟು ಎಣಿಸಿದಳು. ಅದೇ ನನಗೆ ಎಚ್ಚರಿಕೆಯಾಗಬೇಕಿತ್ತು.

ಮರುದಿನ ಆಫೀಸಿನಿಂದ ಬಂದಾಗ ಗ್ಯಾಲರಿಯ ಬಿಸಿಲಲ್ಲಿ ಮ್ಯಾಟು ಹಾಸಿತ್ತು. ಅದರ ಒಂದೊಂದು ಚೌಕದಲ್ಲಿ ಒಂದೊಂದು ಸಂಡಿಗೆ ಕವಾಯತಿಗೆ ನಿಂತಂತೆ ಕೂತಿತ್ತು.

"ಎಷ್ಟ ಚಂದ ಚೌಕ ಮನಿ ಹಾಕ್ಕೊಟ್ಟಾರ! ಒಂದೂ ಒಂದಕ್ಕೊಂದು ಹತ್ತಿಲ್ಲ ನೋಡು" ಎಂದಳು ಅವ್ವ, ಹೆಮ್ಮೆಯಿಂದ.

ಸಂಡಿಗೆ ಚೆನ್ನಾಗಿ ಒಣಗಿತ್ತು. ಮ್ಯಾಟೂ ಒಣಗಿತ್ತು, ಎರಡೂ ತುದಿ ಎದ್ದು ಹಪ್ಪಳವಾಗಿತ್ತು. ಗಾಯ ಮಾಯಿಸಿಕೊಳ್ಳುವ ವಸ್ತುವಿಗೆ ಬಿಸಿಲು ಆಗಿಬರುವುದಿಲ್ಲ ಎಂದು ಆಗ ತಿಳಿಯಿತು. ತೊಟ್ಟಿಲು ಭಾನುವಾರ. ಬೇರೆ ಮ್ಯಾಟು ತರುವುದಕ್ಕೆ ಪುರುಸೊತ್ತಿಲ್ಲ.

ಮೃಣಾಲ್ ವಹಿನಿಯೇ ದಾರಿ ತೋರಿಸಿದಳು. ನೆಲದ ಮೇಲೆ ಮ್ಯಾಟು ಹಾಸಿ ಒಂದು ತುದಿಯ ಮೇಲೆ ತಾನು ಕೂತಳು, ಇನ್ನೊಂದರ ಮೇಲೆ ಅವ್ವನನ್ನು ಕೂರಿಸಿದಳು. ನಡುವೆ ಮ್ಯಾಟು ಸಮತಟ್ಟಾಯಿತು. ಕೆಂಪು ಸೆರಗು ಹರವಿ, ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಒತ್ತಿ, ಅಲಗು ತೆರೆದೆ.

ಕೈ ಏಳಲೊಲ್ಲದು. ನಲವತ್ತೈದು ಮಿಲಿಮೀಟರಾಗಲಿ, ಇಂಚಿನ ಗೆರೆಗಳಾಗಲಿ ಆ ಕೈಯನ್ನು ಎತ್ತಲಾರವು. ಪಟ್ಟಿ ಸರಿಸಿದೆ, ಮತ್ತೆ ಇಟ್ಟೆ. ಮತ್ತೆ ಸರಿಸಿದೆ. "ಚಲಾ ಚಲಾ, ಮಾಝಾ ಪಾಯ ಝೋಪಲಾ" ಎಂದು ವಹಿನಿ ಜೋಮು ಹಿಡಿದ ಕಾಲು ತಿಕ್ಕಿಕೊಂಡಳು.

"ಕೊಡ ಇಲ್ಲೆ" ಎಂದ ಅವ್ವ ಕಟರ್ ಕಸಿದುಕೊಂಡು, ಅಳತೆಪಟ್ಟಿಯನ್ನು ಆಚೆ ತಳ್ಳಿ, ಕೂತಲ್ಲಿಂದಲೇ ಬಾಗಿ ಕರ್ಚಿಕಾಯಿಗೆ ಉರುಳಿಸುವಂತೆ ಸರ್ರನೆ ಉರುಳಿಸಿಬಿಟ್ಟಳು. ಸೆರಗಿನ ನಟ್ಟನಡುವೆ ಗೆರೆ ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ಎಲ್ಲೋ ಹೋಗಿ ನಿಂತಿತು.

ಮೂವರೂ ಅದನ್ನೇ ನೋಡಿದೆವು.

"ಆತು" ಎಂದಳು ಅವ್ವ. "ಕೆಡಸೂದು ನಾ ಕೆಡಿಸೀನಿ. ಇನ್ನ ನೀ ಕೊಯ್ಯಿ."

ವಹಿನಿಗೆ ಕನ್ನಡ ಬಾರದು, ಆದರೂ ಮೊದಲು ನಕ್ಕವಳು ಅವಳೇ. ನಕ್ಕು ನಕ್ಕು ಇಬ್ಬರೂ ಕದಲಿದಾಗಲೆಲ್ಲ ಮ್ಯಾಟಿನ ತುದಿ ಏಳುತ್ತಿತ್ತು. ನಾನು ಕೊಯ್ದೆ, ಪಟ್ಟಿಯ ನಂತರ ಪಟ್ಟಿ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ ನೇರವಾಗಿ. ಅವ್ವ ಬೇಕೆಂದೇ ಹಾಗೆ ಮಾಡಿದಳೋ, ಕೈ ಜಾರಿತೋ ಗೊತ್ತಿಲ್ಲ. ಕೇಳಿದರೆ ಬೇರೆ ಬೇರೆ ದಿನ ಬೇರೆ ಬೇರೆ ಉತ್ತರ ಕೊಡುತ್ತಾಳೆ. ಆ ಸೊಟ್ಟ ತುಂಡನ್ನೂ ಬಿಸಾಕದೆ ಹೊಲಿಗೆಯಲ್ಲಿ ಸೇರಿಸಿದೆ.

ಭಾನುವಾರ ಕಾಮೋಠೆಯಲ್ಲಿ ಕೌದಿ ಕೈಯಿಂದ ಕೈಗೆ ಹೋಯಿತು. ಬೀಗಿತ್ತಿ ಸೊಟ್ಟ ತುಂಡಿನ ಮೇಲೆ ಬೆರಳಿಟ್ಟು ಅವ್ವನ ಮುಖ ನೋಡಿದರು. "ಅದು ನಮ್ಮ ಮಗಳ ಕೈರೀ" ಎಂದಳು ಅವ್ವ, ಕಣ್ಣು ಮಿಟುಕಿಸದೆ. "ಭಾಳ ಕಲತಾಳ, ಏನ್ ಮಾಡೂದು?" ಎಲ್ಲರೂ ನಕ್ಕರು. ನಾನು ಕೂಸಿನ ಕಿವಿಯ ಹತ್ತಿರ ಬಾಯಿಟ್ಟಿದ್ದೆ. ಅಲ್ಲಿ ಮೊದಲು ಹೆಸರನ್ನೇ ಹೇಳಬೇಕು, ತಕರಾರನ್ನಲ್ಲ. ಹೆಸರು ಹೇಳಿದೆ.

ಆ ಮೇಲೆ ಯಾರು ಕೇಳಿದರೂ ಅದು ನನ್ನದೇ ಎನ್ನತೊಡಗಿದೆ. ಹೇಳುತ್ತಾ ಹೇಳುತ್ತಾ ಅಲಗು ನನ್ನ ಅಂಗೈಯಲ್ಲಿ ಎಡಕ್ಕೆ ವಾಲಿದ್ದೂ ನೆನಪಾಗತೊಡಗಿತು.

ಆ ಕೂಸು, ನನ್ನ ಸೋದರಸೊಸೆ, ಈಗ ಶಾಲೆಗೆ ಹೋಗುತ್ತಾಳೆ. ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಮೊನ್ನೆ ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಸಣ್ಣ ಕಾರು ಓಡಿಸುತ್ತಿದ್ದಳು. ನೇರವಾದ ಪಟ್ಟಿಗಳಲ್ಲಿ ಒಂದರ ಮೇಲೂ ಅಲ್ಲ. ಆ ಸೊಟ್ಟ ಕೆಂಪು ತುಂಡಿನ ಮೇಲೆ ಮಾತ್ರ, ಬಾಯಲ್ಲಿ ಬ್ರೇಕಿನ ಸದ್ದು ಮಾಡುತ್ತ.

"ಆತ್ಯಾ, ಯೇ ಘಾಟ್ ವಾಲಾ ರಸ್ತಾ ಕಿಸ್ನೇ ಬನಾಯಾ? ಮಸ್ತ್ ಹೈ!"

ನಾನು ಬಾಯಿ ತೆರೆಯುವಷ್ಟರಲ್ಲಿ ಸೋಫಾದ ಮೇಲೆ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಟ್ಟಳು. "ನಾ ಮಾಡೀನವಾ ಅದನ್ನ. ನಿಮ್ಮ ಆತ್ಯಾಗ ಏನ್ ಬರತದ? ಆಕೀ ಕೊಯ್ದದ್ದೆಲ್ಲಾ ಸೀದಾ."

ನಿಜವನ್ನೇ ಹೇಳಿದಳು. ಆದರೂ ನನಗೆ ಹೊಟ್ಟೆಕಿಚ್ಚಾಯಿತು.