ಮಾಲವಣದಲ್ಲಿ ಒಬ್ಬನಿಗೊಂದು ಕೋಣೆ

ನಿವೃತ್ತನಾದ ಮೇಲೆ ಒಂದು ತಿಂಗಳು ಕೊಂಕಣ ದಂಡೆಯ ಮಾಲವಣಕ್ಕೆ ಹೋಗಿ ಇದ್ದುಬಿಡಬೇಕು ಎಂದು ನಿರ್ಧಾರ ಮಾಡಿದ್ದು ಯಾರ ಸಲಹೆಯಿಂದಲೂ ಅಲ್ಲ. ಸಲಹೆ ಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟರು. ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತಿಕೆ ಮಾಡುತ್ತ ಆಯುಷ್ಯ ಕಳೆದೆ. ನಮ್ಮ ವಿಭಾಗದವರು ಚಳಿಗಾಲ ಬಂತೆಂದರೆ ಗುಂಪು ಕಟ್ಟಿಕೊಂಡು ಕೊಂಕಣಕ್ಕೆ ಹೋಗುತ್ತಿದ್ದರು, ಮೀನು ತಿನ್ನಲಿಕ್ಕೆ. ನಾನು ಶಾಕಾಹಾರಿ ಎಂದು ನನ್ನನ್ನು ಕರೆಯುತ್ತಿರಲಿಲ್ಲ. ತಿರುಗಿ ಬಂದವರು ಮಾಲವಣದ ಎದುರು ಸಮುದ್ರದ ನಡುವಿನ ಹಳೆಯ ಕೋಟೆಯ ಫೋಟೋ ತೋರಿಸುತ್ತಿದ್ದರು. ಅದರೊಳಗೆ ಈಗಲೂ ಕೆಲವು ಮನೆಗಳಿವೆಯಂತೆ, ಜನ ವಾಸ ಮಾಡುತ್ತಾರಂತೆ. ನಾನು ಹುಟ್ಟಿದ್ದು ರಾಯಚೂರಿನ ಬಿಸಿಲಲ್ಲಿ. ಸುತ್ತಲೂ ನೀರು ಇಟ್ಟುಕೊಂಡು ಬದುಕುವವರನ್ನು ಒಮ್ಮೆ ನೋಡಬೇಕು ಎಂಬ ಆಸೆ ಆಗಿನಿಂದಲೇ ಇತ್ತು.

ಮಳೆಗಾಲದಲ್ಲಿ ಕೋಟೆಗೆ ದೋಣಿ ಬಿಡುವುದಿಲ್ಲ ಎಂದು ತಿಳಿದು, ದೀಪಾವಳಿ ಮುಗಿದ ಮೇಲೆ ಹೊರಡುವುದೆಂದು ಗೊತ್ತುಮಾಡಿಕೊಂಡೆ. ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸಿನ ವೇಳೆ ವಿಚಾರಿಸಿ ಬಂದೆ. ಅದು ಮೊಬೈಲಿನಲ್ಲೇ ಸಿಗುತ್ತದೆ, ನನಗೂ ಗೊತ್ತು. ಆದರೆ ಮೊಬೈಲು "ಎಲ್ಲಿಗೆ ಹೊಂಟೀರಿ, ಏನು ವಿಶೇಷ?" ಎಂದು ಕೇಳುವುದಿಲ್ಲ. ಕಿಟಕಿಯೊಳಗೆ ಕೂತವನೂ ಕೇಳಲಿಲ್ಲ, ಅದು ಬೇರೆ ಮಾತು. ನಮ್ಮ ಕಡೆಯ ಹೆಂಗಸೊಬ್ಬಳ ಹತ್ತಿರ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹೇಳಿಟ್ಟೆ. ಮೀನಿನ ಊರಿನಲ್ಲಿ ನನ್ನ ಹೊಟ್ಟೆಯನ್ನು ನಾನೇ ನೋಡಿಕೊಳ್ಳಬೇಕಲ್ಲ.

ಕೋಣೆ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಮನೆಯಲ್ಲೇ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುವ ಒಬ್ಬ ಹೆಂಗಸಿಗೆ ಫೋನ್ ಮಾಡಿದೆ. ಎಷ್ಟು ಜನ ಎಂದರು. ಒಬ್ಬನೇ ಎಂದೆ. ಎಷ್ಟು ದಿನ ಎಂದರು. ಒಂದು ತಿಂಗಳು ಎಂದೆ. "ಏಕಟೇಚ್?" ಎಂದು ಮರಾಠಿಯಲ್ಲಿ ಇನ್ನೊಮ್ಮೆ ಕೇಳಿದರು, ಒಬ್ಬರೇನಾ ಎಂದು. ಬಂದು ಏನು ಮಾಡುತ್ತೀರಿ ಎಂದದ್ದಕ್ಕೆ ನಾನು ಇದ್ದದ್ದನ್ನೇ ಹೇಳಿದೆ: ಏನೂ ಮಾಡುವುದಿಲ್ಲ, ಸಮುದ್ರ ನೋಡುತ್ತ ಸುಮ್ಮನೆ ಕೂಡುತ್ತೇನೆ, ನೀರಿಗೆ ಹತ್ತಿರದ ಕೋಣೆಯೇ ಇರಲಿ. ತಿರುಗಿ ಬರುವ ಟಿಕೆಟ್ ಇನ್ನೂ ತೆಗೆಸಿಲ್ಲ ಎಂದೂ ಸೇರಿಸಿದೆ. ದಂಡೆಯ ಮೇಲಿನ ಊರಿನವರಿಗೆ ಇದೆಲ್ಲ ಹೇಗೆ ಕೇಳಿಸುತ್ತದೆ ಎಂಬುದು ಬಿಸಿಲೂರಿನವನಿಗೇನು ಗೊತ್ತು? ಕೋಣೆ ಖಾಲಿ ಇಲ್ಲ ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು.

ಇನ್ನೊಂದು ಕಡೆ ಕೇಳಿದೆ. ಅಲ್ಲಿಯವನು ಬಿಚ್ಚಿ ಹೇಳಿದ: ಒಂಟಿ ಗಂಡಸರಿಗೆ ಅಷ್ಟು ದಿನ ಕೊಡುವುದಿಲ್ಲ, ಹೆಚ್ಚುಕಡಿಮೆ ಆದರೆ ಪೊಲೀಸರಿಗೆ ಉತ್ತರ ಹೇಳುವವರು ನಾವು.

ಸಿಟ್ಟು ನೆತ್ತಿಗೇರಿತು. ಮೊದಲಿನ ಹೆಂಗಸಿಗೆ ಮತ್ತೆ ಫೋನ್ ಹಚ್ಚಿ, ನನಗೆ ಸಾಯುವ ವಿಚಾರವೇನೂ ಇಲ್ಲ ಎಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅದರಲ್ಲಿ ಊಟದ ಅರ್ಧ ಮಾತ್ರ ನನಗೆ ದಕ್ಕಿದ್ದು. ಆಕೆ ಸಿಟ್ಟಾಗಲಿಲ್ಲ. ಹಾಗಾದರೆ ಪುಣೆಯ ಒಬ್ಬರ ನಂಬರ್ ಕೊಡಿ ಎಂದರು. ಏನಾದರೂ ಆದರೆ ಅದೇ ದಿನ ಬಸ್ ಹತ್ತಿ ಬರುವಂಥವರದು. ಅವರ ಜೊತೆ ಮಾತಾಡಿ ಕೋಣೆ ಕೊಡುತ್ತೇನೆ ಎಂದರು.

ಅಷ್ಟೇ ತಾನೇ ಎಂದುಕೊಂಡೆ. ಆಮೇಲೆ ಮೊಬೈಲು ಹಿಡಿದು ಕೂತೆ. ರಾಯಚೂರಿನಲ್ಲಿದ್ದ ಅಕ್ಕ ಹೋದ ವರ್ಷ ತೀರಿಕೊಂಡಳು. ಕಾರ್ಖಾನೆಯ ಹಳೆಯ ಜೊತೆಗಾರನೊಬ್ಬನಿಗೆ ಫೋನ್ ಮಾಡಿದೆ. ಮಾಲವಣ ಎಂದ ಕೂಡಲೇ ಅವನು, ತಾರೀಖು ಹೇಳು, ನಾವೂ ಎರಡು ದಿನ ಬಂದು ಹೋಗುತ್ತೇವೆ, ಮೀನು ತಿನ್ನಬಹುದು ಎಂದ. ಕೇಳಬೇಕಾದ್ದನ್ನು ಕೇಳದೆ ಇಟ್ಟೆ. ಪಕ್ಕದ ಮನೆಯವರು ಹಬ್ಬಕ್ಕೆ ಚಕ್ಕುಲಿ, ಉಂಡೆಯ ಫರಾಳ ಕೊಡುತ್ತಾರೆ. ತಟ್ಟೆ ತೊಳೆದು ತಿರುಗಿ ಕೊಡುವುದಕ್ಕಿಂತ ಹೆಚ್ಚಿನ ಮಾತು ನಮ್ಮಲ್ಲಿ ನಡೆದಿಲ್ಲ. "ನಿಮಗೇನ್ರಿ, ಹೇಳವ್ರಿಲ್ಲ ಕೇಳವ್ರಿಲ್ಲ" ಎಂದು ಸಂಸಾರಸ್ಥರು ನನ್ನನ್ನು ಕಂಡು ಹೊಟ್ಟೆಕಿಚ್ಚುಪಡುತ್ತಿದ್ದರು. ನಾನೂ ಹೌದ್ರಿ ಎಂದು ಮೀಸೆ ತಿರುವುತ್ತಿದ್ದೆ. ಆ ದಿನ ಮಾತ್ರ ಹೆದರಿಕೆಯಾಯಿತು.

ಪುಣೆಯ ಯೆರವಡಾದಲ್ಲಿ ನಮ್ಮ ಕಟ್ಟಡದ ಎದುರಿಗೆ ಉಡುಪಿ ಕಡೆಯವರ ಹೋಟೆಲಿದೆ. ದಿನಾ ಬೆಳಿಗ್ಗೆ ಅಲ್ಲೇ ನನ್ನ ಇಡ್ಲಿ, ಚಹಾ. ಗಲ್ಲಾದಲ್ಲಿ ಕೂಡುವ ಮಾಲೀಕರು ಒಮ್ಮೆ ನನಗೆ ಜ್ವರ ಬಂದು ಎದ್ದಾಗ, "ಎಂತ ಸಾರ್, ಎರಡು ದಿನ ಕಾಣ್ಲೇ ಇಲ್ಲ?" ಎಂದಿದ್ದರು. ನಾನಿಲ್ಲದ್ದನ್ನು ಗಮನಿಸಿದವರು ಅವರೊಬ್ಬರೇ. ಮರುದಿನ ಬೆಳಿಗ್ಗೆ ಅವರ ಮುಂದೆ ಹೋಗಿ ನಿಂತೆ.

"ಒಂದ್ ಸಣ್ಣ ಕೆಲಸ ಇತ್ರಿ. ನಿಮ್ಮ ನಂಬರ್ ಒಬ್ಬರಿಗೆ ಕೊಡಬೇಕಾಗೇದ."

"ಕೊಡಿ ಸಾರ್. ಅದು ಬೋರ್ಡಿನ ಮೇಲೇ ಉಂಟಲ್ಲ."

"ಹಂಗಲ್ರಿ. ನನಗ ಏನರೆ ಆತಂದ್ರ ಅವರು ನಿಮಗ ಫೋನ್ ಮಾಡ್ತಾರ."

ಅವರು ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಎಲ್ಲ ಹೇಳಿದೆ.

"ಒಂದು ತಿಂಗಳು ಸಮುದ್ರದಲ್ಲಿ ಎಂತ ನೋಡ್ಲಿಕ್ಕುಂಟು ಮಾರಾಯ್ರೆ? ನಾವು ಅದನ್ನು ಬಿಟ್ಟೇ ಇಲ್ಲಿಗೆ ಬಂದದ್ದು" ಎಂದು ನಕ್ಕು, ಹೋಟೆಲಿನದಲ್ಲ, ತಮ್ಮ ಸ್ವಂತ ನಂಬರ್ ಕೊಟ್ಟರು.

ಮೇಜಿಗೆ ಹೋಗಿ ಕೂತು ಆ ನಂಬರನ್ನು ಮಾಲವಣದ ಹೆಂಗಸಿಗೆ ತಿಳಿಸಿದೆ. ಇಡ್ಲಿ ಬರುವಷ್ಟರಲ್ಲಿ ಗಲ್ಲಾದ ಮೇಲಿನ ಫೋನ್ ಸದ್ದಾಯಿತು. ಮಾಲೀಕರು ಮರಾಠಿಯಲ್ಲಿ ಮಾತಾಡುವುದು ಕೇಳಿಸುತ್ತಿತ್ತು: ಹೌದು, ಗೊತ್ತು, ಬಹಳ ವರ್ಷದಿಂದ ಗೊತ್ತು, ನಮ್ಮ ಮನೆಯವರೇ ಅಂದುಕೊಳ್ಳಿ. ನನ್ನನ್ನು ನಮ್ಮವರು ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಅದು ಕೋಣೆ ಕೊಡಿಸಲು ಹೇಳಿದ ಮಾತು ಎಂದು ಗೊತ್ತಿದ್ದೂ ಸಂತೋಷವಾಯಿತು.

ಅವರು ಎದ್ದು ನನ್ನ ಮೇಜಿನವರೆಗೆ ಬಂದರು.

"ಕೋಣೆ ಕೊಡ್ತಾರಂತೆ ಸಾರ್" ಎಂದರು. ಹೋಗದೆ ಅಲ್ಲೇ ನಿಂತರು. "ಹಾಗೆಂತದೂ ಆಗುದಿಲ್ಲ. ಆದ್ರೂ ಕೇಳಿಟ್ಕೊಳ್ತೇನೆ. ಅವರು ನನಗೆ ಫೋನ್ ಮಾಡಿದ್ರೆ, ನಾನು ಮತ್ತೆ ಯಾರಿಗೆ ತಿಳಿಸ್ಬೇಕು?"

ಮೊಬೈಲು ತೆಗೆದು ಅದರಲ್ಲಿದ್ದ ಹೆಸರುಗಳನ್ನು ಕೊನೆಯವರೆಗೆ ಒಮ್ಮೆ ನೋಡಿ ಮೇಜಿನ ಮೇಲಿಟ್ಟೆ.

"ನಿಮಗ ತಿಳಿದ್ರ ಸಾಕ್ರಿ" ಎಂದೆ.