ಗಿರಣಿ ಮಾವನ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕೆಮ್ಮನ್ನು ಕದ್ದವನು ನಾನು. ಎರಡು ಒಣ ಕೆಮ್ಮು, ಒಂದು ಉಸಿರಿನಷ್ಟು ಬಿಡುವು, ಆಮೇಲೆ ಗಂಟಲಲ್ಲೇ ಮುರಿದುಹೋಗುವ ಮೂರನೆಯದು. ಅದರ ಒಡೆಯರು ಹೊಳಲ್ಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ರೆಪ್ಪೆಗೂದಲ ಮೇಲೆ ಸದಾ ರಾಗಿಹಿಟ್ಟು. ಕಣ್ಣು ಮಿಟುಕಿಸಿದರೆ ಉದುರೀತೆಂದು ನಾನು ಕೈಯೊಡ್ಡಿ ನಿಲ್ಲುತ್ತಿದ್ದೆ. "ಏನಪ್ಪ ಅಳಿಯ, ನಾಟಕದ ಕಂಪ್ನಿ ಇವತ್ತು ಇಲ್ಲೇ ಬಿಡಾರ ಹಾಕೈತಾ?" ಎನ್ನುವರು. ರಕ್ತಸಂಬಂಧವೇನಿಲ್ಲ, ಎದುರುಮನೆ. ಅವರು ಮಾವ, ಅವರ ಹೆಂಡತಿ ಅತ್ತೆ.

ತೊಂಬತ್ತರ ದಶಕದ ಕೊನೆ. ನಾನಾಗ ಪಿಯುಸಿ ಫೇಲಾಗಿ ಊರಿನವರ ದನಿಗಳನ್ನೆಲ್ಲ ಪಾಸು ಮಾಡಿಕೊಳ್ಳುತ್ತಿದ್ದೆ. ಬಸ್ ಕಂಡಕ್ಟರು, ಪ್ರಿನ್ಸಿಪಾಲರು, ರಿಸಲ್ಟ್ ನೋಡಿ ಅತ್ತ ನಾನು, ಎಲ್ಲವೂ ಬರುತ್ತಿತ್ತು.

ಮಾವ, ಅತ್ತೆ ಪರಸ್ಪರ ಮಾತಾಡಿದ್ದನ್ನು ಕೇಳಿದವರು ಕಡಿಮೆ. ಸಂಜೆ ಗಿರಣಿ ಮುಚ್ಚಿ ಬರುವಾಗ ಮಾವ ಓಣಿಯ ತಿರುವಿನ ನಲ್ಲಿಯ ಹತ್ತಿರ ನಿಂತು ಕೆಮ್ಮುವರು, ಬಾಯಿ ತೊಳೆಯುವರು, ಆಮೇಲೆ ಮನೆಗೆ ಬರುವರು. ಅಷ್ಟರಲ್ಲಿ ಒಳಗೆ ಸ್ನಾನಕ್ಕೆ ನೀರು ಕಾದಿರುತ್ತಿತ್ತು. "ಹೆಂಡ್ತೀನ ಕರೆಯಾಕೂ ಬಿಗುಮಾನ ನೋಡ್ರಿ, ಕೆಮ್ಮಿ ಆರ್ಡರ್ ಮಾಡ್ತಾರೆ" ಎಂದು ನಾನೇ ಓಣಿಗೆಲ್ಲ ಅರ್ಥ ಹೇಳಿಕೊಟ್ಟೆ.

ಒಮ್ಮೆ ಗಿರಣಿಯಲ್ಲೇ ಕೆಣಕಿದೆ. "ಮಾವ, ಅತ್ತೆ ಮ್ಯಾಲೆ ಪ್ರೀತಿ ಐತೆ ಅಂತ ಒಂದ್ ಸಲನಾದ್ರೂ ಬಾಯ್ಬಿಟ್ಟು ಹೇಳಿದೀರೇನ್ರಿ?"

ಹಿಂದಿನ ದಿನವಷ್ಟೇ ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹೊಡೆಸಿದ್ದರು. ಅವರ ಮನೆಯ ರಾಗಿಚೀಲ ಬಾಗಿಲ ಹಿಂದೆ ಕಟ್ಟಿದಂತೆಯೇ ಇತ್ತು. ಗದ್ದವೆತ್ತಿ ಅದನ್ನು ತೋರಿಸಿದರು. "ಅದನ್ನ ಇನ್ನೆರಡು ದಿನ ಬೀಸಲ್ಲ. ಹಿಟ್ಟಿನಾಗೆ ಮರಳು ಬರ್ತೈತೆ. ನಿಮ್ಮತ್ತೆ ಹಲ್ಲಿಗೆ ಸಿಕ್ಕಿದ್ರೆ?"

"ನಮ್ಮನೇದು ಈಗ್ತಾನೆ ಬೀಸಿದ್ರಲ್ಲ!"

"ನಿನ್ ಹಲ್ಲು ಗಟ್ಟಿ ಅವೆ, ತಿನ್ನಲೇ."

ನನ್ನ ಆಟ ಇಷ್ಟೇ: ಮಾವ ಬರುವುದಕ್ಕೆ ಸ್ವಲ್ಪ ಮೊದಲು ನಲ್ಲಿಯ ಹತ್ತಿರ ಹೋಗಿ ಅವರಂತೆ ಕೆಮ್ಮುವುದು. ಅತ್ತೆ ಚೊಂಬು ಹಿಡಿದು ತಕ್ಷಣ ಹೊರಗೆ ಬರುವರು. "ಮಂಗ್ಯಾ, ನೀನಾ!" ಎಂದು ನೀರು ಎರಚುವರು. ಗೆದ್ದೆನೆಂದು ನಾನು ಒದ್ದೆ ಅಂಗಿಯಲ್ಲೇ ಕುಣಿಯುವೆ. ಒಂದು ಸಲವೂ ತಪ್ಪಲಿಲ್ಲ.

ಬರಬರುತ್ತ ಮಾವನ ಅಂಗಿ ಮಾವನಿಗಿಂತ ದೊಡ್ಡದಾಯಿತು. ಗಿರಣಿಗೆ ಬೆಲ್ಟ್ ತರುತ್ತೇನೆಂದು ಚಿತ್ರದುರ್ಗದ ಬಸ್ಸು ಹತ್ತುವುದು ಹೆಚ್ಚಾಯಿತು. ಅಲ್ಲಿ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ಒಂದು ದಿನ ನನಗೇ ಸಿಕ್ಕಿಬಿದ್ದರು. "ಮನೇಲಿ ಹೇಳ್ಬ್ಯಾಡ ಅಳಿಯ, ಅವಳು ಹೆದರ್ತಾಳೆ. ಇದೊಂದನ್ನ ಮಾತ್ರ ಮಿಮಿಕ್ರಿ ಮಾಡ್ಬ್ಯಾಡ" ಎಂದರು. ಮಾಡಲಿಲ್ಲ. ನಲ್ಲಿಯ ಆಟವನ್ನೂ ಅಂದೇ ಬಿಟ್ಟೆ. ಆದರೆ ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ.

ಒಂದು ಸಂಜೆ, ನಾನು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ನಗಿಸುತ್ತಿದ್ದಾಗ, ಮಾವ ನಲ್ಲಿಯ ಹತ್ತಿರ ಕೆಮ್ಮಿದ್ದಾರೆ. ಬಹಳ ಹೊತ್ತು ಕೆಮ್ಮಿದ್ದಾರೆ. ಇಡೀ ಓಣಿಗೆ ಕೇಳಿದೆ, ಒಬ್ಬರೂ ಎದ್ದಿಲ್ಲ. ಅತ್ತೆಯೂ ಎದ್ದಿಲ್ಲ. ಕೊಡ ಹಿಡಿದು ಬಂದ ಹೆಂಗಸೊಬ್ಬಳು ಕೂಗಿಕೊಂಡಾಗ ಮಾವ ನಲ್ಲಿಯ ಕಲ್ಲಿಗೆ ಮುಖವಿಟ್ಟು ಬಿದ್ದಿದ್ದರು. ರೆಪ್ಪೆಯ ಹಿಟ್ಟು ತೊಳೆದುಹೋಗಿತ್ತು. ಮೋರಿಯ ನೀರು ಕೆಂಪಗಿತ್ತು. ವ್ಯಾನು ಚಿತ್ರದುರ್ಗ ಮುಟ್ಟುವ ಮೊದಲೇ ಹೋಗಿಬಿಟ್ಟರು.

"ನೀನೇ ಆಟ ಆಡ್ತಿದೀಯ ಅನ್ಕಂಡ್ವಿ ಕಣೋ" ಎಂದರು ಓಣಿಯವರು.

ತಿಂಗಳು ಕಳೆದ ಮೇಲೆ ಅತ್ತೆಯ ಮುಂದೆ ಹೋಗಿ ಕುಳಿತೆ. ಮೊರದಲ್ಲಿ ರಾಗಿ ಕೇರುತ್ತಿದ್ದರು. ಈಗ ಕಲ್ಲು, ಮರಳು ಎಲ್ಲ ಅವರೇ ನೋಡಿಕೊಳ್ಳಬೇಕಿತ್ತು.

"ಅತ್ತೆ, ಅವತ್ತು ನಾನೇ ಅನ್ಕಂಡು ನೀವು ಹೊರಗೆ ಬರ್ಲಿಲ್ಲ. ನನ್ನಿಂದಾನೇ ಮಾವ..." ಎಂದೆ. ಯಾರ ದನಿಯೂ ಅಲ್ಲದ ನನ್ನದೇ ದನಿ. ಚೆನ್ನಾಗಿರಲಿಲ್ಲ.

ಮೊರ ನಿಂತಿತು.

"ಲೇ, ನೀನು ಕೆಮ್ಮಿದ್ರೆ ನಾನು ಹೊರಗೆ ಬರ್ತಿದ್ದೆ. ಅವ್ರು ಕೆಮ್ಮಿದಾಗ ಯಾವತ್ತಾದ್ರೂ ಬಂದಿದ್ನೇನೋ? ರಕ್ತ ನನಗೆ ಕಾಣಬಾರ್ದು ಅಂತ ಅವ್ರು ಅಲ್ಲೇ ತೊಳ್ಕಂಡು ಬರೋರು. ಕಂಡೇ ಇಲ್ಲ ಅನ್ನಂಗೆ ನಾನು ಒಳಗೆ ನೀರು ಕಾಸ್ತಿದ್ದೆ. ಅವತ್ತೂ ಅವ್ರೇ ಅಂತ ಗೊತ್ತಿತ್ತು. ತೊಳ್ಕಂಡು ಬರ್ಲಿ ಅಂತ ಕುಂತಿದ್ದೆ. ಎದ್ದೋಗು, ಇದ್ರಾಗೆ ನಿಂದೇನೂ ಪಾಲಿಲ್ಲ."