ಬಾರದವರ ಮೇಲಿನ ಪದ

ಅಂದು ಮಧ್ಯಾಹ್ನ ನಮ್ಮ ಜಗಲಿಯ ಮೇಲಿದ್ದವರು ಮೂವರು: ಮೈಸೂರಿನಿಂದ ಹುಣಸೂರು ಸೀಮೆಗೆ ಸೊಸೆಯಾಗಿ ಬಂದು ಇನ್ನೂ ಹಳಬಳಾಗದ ನಾನು, ಎಲೆಯಡಿಕೆ ಜಗಿಯುತ್ತಿದ್ದ ನನ್ನ ಅತ್ತೆ, ಮತ್ತು ಹೆಂಗಸರ ಮುಯ್ಯಾಳು ಗುಂಪಿನ ಯಜಮಾನಿ ಜಯಮ್ಮಕ್ಕ. ಅಕ್ಕನ ಮಡಿಲಲ್ಲಿ ಬೆಕ್ಕಿನ ಮರಿಯಂತೆ ಮುದುಡಿ ಕುಳಿತಿತ್ತು, ಹೊಗೆಸೊಪ್ಪನ್ನು ಕೋಲಿಗೆ ಕಟ್ಟುವ ದಾರದ ಉಂಡೆ.

"ಏನ್ ಅಮ್ಮಣ್ಣಿ, ನಮ್ ಗುಂಪಿಗೆ ಬತ್ತೀಯಾ? ಬರೋದಾದ್ರೆ ನಾಳೆ ಈ ಉಂಡೆ ಎತ್ಕೊಂಡು ಬಾ. ಇಲ್ದಿದ್ರೆ ಬಾಗ್ಲಲ್ಲಿ ಮಡಗಿರು, ನಾನೇ ತಗೊಂಡೋಯ್ತೀನಿ. ಬೇಜಾರೇನಿಲ್ಲ ಬುಡು," ಎಂದು ಅದನ್ನು ನನ್ನತ್ತ ಉರುಳಿಸಿ ಎದ್ದು ಹೋದಳು.

ಮುಯ್ಯಿಯ ರೀತಿ ಸರಳ. ಇಂದು ಎಲ್ಲರೂ ಕೂಡಿ ಒಬ್ಬಳ ಮನೆಯ ಸೊಪ್ಪು ಕಟ್ಟುವುದು, ನಾಳೆ ಇನ್ನೊಬ್ಬಳದು. ನಮ್ಮ ಹೊಲದ ಸೊಪ್ಪೂ ಹಣ್ಣಾಗುತ್ತಿತ್ತು, ಕೈಗಳು ಬೇಕಿದ್ದವು. ಆದರೆ ನನ್ನನ್ನು ಹೆದರಿಸಿದ್ದು ಅವರ ನಾಲಿಗೆ. ಅಲ್ಲಿ ಕೆಲಸ ಸಾಗುವುದೇ ಪದ ಹಾಡುತ್ತಾ. ಅಂದು ಯಾರು ಬರಲಿಲ್ಲವೋ ಅವಳ ಮೇಲೆಯೇ ಪದ ಕಟ್ಟುವುದು ರೂಢಿ. ಅವಳ ನಡಿಗೆ, ಅವಳ ನೀರು ಸಾರು, ಅವಳ ಗಂಡನ ಗೊರಕೆ, ಯಾವುದಕ್ಕೂ ವಿನಾಯಿತಿಯಿಲ್ಲ. ಮಧ್ಯಾಹ್ನದ ಏಕಾಂತವನ್ನು ಒಡವೆಯಂತೆ ಕಾಪಾಡಿಕೊಂಡವಳೂ, ಗೊರಕೆಯ ಗಂಡನುಳ್ಳವಳೂ ಆದ ನನಗೆ ಇಂಥ ಸಖೀಮಂಡಲ ಒಗ್ಗೀತೇ? ನೀವೇ ಹೇಳಿ.

"ಸೇರದಿದ್ರೆ ಏನಾಗುತ್ತೆ, ಅತ್ತೆ?"

"ಏನೂ ಆಗಕಿಲ್ಲ. ದಿನಾ ನಿನ್ ಮೇಲೇ ಪದ ಕಟ್ತಾರೆ, ಅಷ್ಟೇಯ."

"ಸೇರಿದ್ರೆ?"

"ಬ್ಯಾರೆಯೋರ ಮೇಲೆ ನೀನೂ ಕಟ್ಬೌದು ಕಣವ್ವ!" ಅತ್ತೆಯ ಕೆಂಪು ತುಟಿಯಲ್ಲಿ ಹಳೆಯ ಸದಸ್ಯೆಯ ತುಂಟತನ ಮಿಂಚಿತು.

ಯೋಚಿಸಿದೆ. ನಮ್ಮನ್ನು ಹೊಗಳುವವರು ದಾರಿಯಲ್ಲೂ ಸಿಕ್ಕಾರು. ನಮ್ಮ ಸಾರು ನೀರಾದುದನ್ನು ನೆನಪಿಟ್ಟು, ಅದಕ್ಕೊಂದು ರಾಗವನ್ನೂ ಹುಡುಕುವಷ್ಟು ಅಕ್ಕರೆ ಯಾರಿಗಿರುತ್ತದೆ? ಹೀಗೆ ಘನವಾಗಿ ತರ್ಕಿಸಿದೆನಾದರೂ, ನಿಜಕ್ಕೂ ನನ್ನನ್ನು ಎಬ್ಬಿಸಿದ್ದು ಬೇರೆಯವರ ಗಂಡಂದಿರ ಗೊರಕೆಯ ಸುದ್ದಿ ತಿಳಿಯುವ ಆಸೆ. ಮರುದಿನ ಉಂಡೆಯೊಂದಿಗೆ ಹೋದೆ.

ಕೆಲವು ವಾರಗಳ ಬಳಿಕ ನಮ್ಮ ಮನೆಯ ಸರದಿ ಬಂದ ದಿನವೇ ನನಗೆ ಜ್ವರ. ಕಂಬಳಿ ಹೊದ್ದು ಮಲಗಿದ್ದವಳಿಗೆ ಅಂಗಳದ ಚಪ್ಪರದಿಂದ ಪದ ಕೇಳಿಸಿತು:

"ಪ್ಯಾಟೆ ಅಮ್ಮಣ್ಣಿ ಸೊಪ್ಪು ಕಟ್ಟೋಕ್ ಬಂದ್ಳು,
ಗಂಟು ಆಕ್ದೋಳು ಬಿಚ್ಚೋಕ್ ಕೂತ್ಳು,
ಗಂಡ ಗೊರಕೆ ಒಡೆಯೋ ವೊತ್ಗೆ..."

ಅಲ್ಲಿಗೆ ತಡವರಿಸಿದರು. ಮುಂದಿನದು ಅವರಿಗೆ ಗೊತ್ತಿರಲಿಲ್ಲ. ನಾನೇ ಕಿಟಕಿಗೆ ಮುಖವಿಟ್ಟು ಕೂಗಿದೆ:

"ಸೊಪ್ಪಿನ್ ಲಾರಿ ಬಂತು ಅಂತ ಎದ್ದು ಕೂತ್ಳು!"

ಚಪ್ಪರ ನಗೆಯಿಂದ ಅದುರಿತು. ಜಯಮ್ಮಕ್ಕನ ಕೈಯಿಂದ ಜಾರಿದ ದಾರದುಂಡೆ ಉರುಳುತ್ತಾ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಕಂಬಳಿ ಹೊದ್ದುಕೊಂಡೇ ಹೋಗಿ ಎತ್ತಿಕೊಂಡೆ.